ದೀಪ ಹಚ್ಚುವ ಹೊತ್ತಿನ ಎಂಜಲು

ನೀಲಗಂಗವ್ವ ಶಿರಸಿಯಲ್ಲಿ ರೊಟ್ಟಿ ಬಡಿದರೆ ಯಲ್ಲಾಪುರದ ನಾಯಿಗಳು ಬಾಲ ಅಲ್ಲಾಡಿಸುತ್ತಿದ್ದವು. ಸಿದ್ದಾಪುರದ ಹೆಂಗಸರು ಆ ಸದ್ದು ಕೇಳಿಯೇ ಅನ್ನಕ್ಕೆ ಎಸರಿಡುತ್ತಿದ್ದರು. ಅನುಮಾನ ಇದ್ದವರು ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಮಡಿವಾಳಪ್ಪನ ಖಾನಾವಳಿಗೆ ಹೋಗಿ ಯಾರನ್ನಾದರೂ ಕೇಳಬಹುದು. ಯಾರೂ ಹೇಳದಿದ್ದರೆ ನೀಲಗಂಗವ್ವ ತಾನೇ ಹೇಳುತ್ತಾಳೆ.

ಅವಳ ಧೈರ್ಯದ ಮಾತಂತೂ ಬಿಡಿ. ಮದುವೆಯಾದ ವರ್ಷ, ಬನವಾಸಿ ಕಡೆಯ ಹಳ್ಳಿಯಲ್ಲಿ, ಹಿತ್ತಲಿಗೆ ಬಂದ ಚಿರತೆಯ ಕಪಾಳಕ್ಕೆ ರೊಟ್ಟಿ ಬಡಿಯುವ ಕೈಯಲ್ಲೇ ಬಾರಿಸಿದವಳು ಅವಳು. ಆ ಚಿರತೆ ಮೊದಮೊದಲು ಕರುವಿನಷ್ಟಿತ್ತು. ಖಾನಾವಳಿ ಶುರುವಾದ ಮೇಲೆ ಎಮ್ಮೆಯಷ್ಟಾಯಿತು. ಈಚೆಗೆ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ಕಣ್ಣಾರೆ ಕಂಡ ಸಾಕ್ಷಿ ಎಂದರೆ ಗಂಡ ಮಡಿವಾಳಪ್ಪ ಒಬ್ಬನೇ. ಅವನು ದುಡ್ಡಿನ ಗಲ್ಲೆಯ ಮೇಲೆ ಕುಳಿತು ಹೌದೆನ್ನದೆ, ಅಲ್ಲವೆನ್ನದೆ, ಮೀಸೆಯೊಳಗೇ ನಗುತ್ತಿದ್ದ. ನಾಲ್ಕು ವರ್ಷದ ಹಿಂದೆ ಅದೇ ನಗೆ ಇಟ್ಟುಕೊಂಡೇ ತೀರಿಹೋದ.

ಅವನು ಹೆಂಡತಿಯನ್ನು ಕರೆಯುತ್ತಿದ್ದುದು 'ಚನ್ಯಾನ ಅವ್ವಾ' ಎಂದು. ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ಅವರಲ್ಲಿರಲಿಲ್ಲ. ಮಗ ಚನ್ನಬಸವ ಹುಟ್ಟುವ ಮುಂಚೆ ಮಾತ್ರ, ಅದೂ ಮೂರನೆಯವರು ಹತ್ತಿರ ಇಲ್ಲದಾಗ, 'ನೀಲಾ' ಎನ್ನುತ್ತಿದ್ದ. ಸೊಳ್ಳೆ ಕಚ್ಚಿದ್ದನ್ನೂ ಊರಿಗೆಲ್ಲ ಸಾರುವ ನೀಲಗಂಗವ್ವ ಈ ಒಂದು ಹೆಸರನ್ನು ಮಾತ್ರ ಮಗನಿಗೂ ಹೇಳಿರಲಿಲ್ಲ, ಸೊಸೆಗೂ ಹೇಳಿರಲಿಲ್ಲ.

ಈಗ ಗಲ್ಲೆಯ ಮೇಲೆ ಚನ್ನಬಸವ, ಒಲೆಯ ಮುಂದೆ ಸೊಸೆ ಜ್ಯೋತಿ. ಖಾನಾವಳಿಯ ಹಿಂದಿನ ಎರಡು ಕೋಣೆಗಳೇ ಮನೆ. ಅಲ್ಲಿ ಅಜ್ಜಿಯ ಜೊತೆ ಮೊಮ್ಮಗಳು ವಾಣಿಶ್ರೀ. ಹದಿಮೂರು ತುಂಬಿದ ಹುಡುಗಿ. ಆಟಿಸಂ ಎಂದು ಸಣ್ಣವಳಿದ್ದಾಗಲೇ ಡಾಕ್ಟರು ಹೇಳಿದ್ದರು. 'ನೀರು', 'ಬ್ಯಾಡ' ಎನ್ನುವ ಎರಡೇ ಅವಳ ಸ್ವಂತ ಮಾತು. ಉಳಿದದ್ದೆಲ್ಲ ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಒಪ್ಪಿಸುವುದು. ಒಮ್ಮೆ ಬಸ್‌ಸ್ಟ್ಯಾಂಡಿನ ಮೈಕಿನ ದನಿಯಲ್ಲಿ 'ಯಲ್ಲಾಪುರ ಮಾರ್ಗವಾಗಿ ಹುಬ್ಬಳ್ಳಿಗೆ' ಎಂದು ಕೂಗಿ, ಉಣ್ಣುತ್ತಿದ್ದ ಅರ್ಧ ಖಾನಾವಳಿಯನ್ನು ಕೈ ತೊಳೆಯದೆ ಓಡಿಸಿದ್ದಳು.

ಬೇಸಿಗೆಯಲ್ಲಿ ಹುಡುಗಿ ದೊಡ್ಡವಳಾದಳು. ಶ್ರಾವಣದ ಹೊತ್ತಿಗೆ ಮನೆಯ ನೆಮ್ಮದಿ ಹೋಯಿತು. ದಿನವೆಲ್ಲ ಒಂದು ಮೂಲೆಯಲ್ಲಿ ಜೋಳ ಎಣಿಸುತ್ತ ಕುಳಿತಿರುವವಳು ಸಂಜೆ ದೀಪ ಹಚ್ಚುವ ಹೊತ್ತಿಗೆ ಕಿರುಚಿ ತನ್ನ ಮುಂಗೈ ತಾನೇ ಕಚ್ಚಿಕೊಳ್ಳುತ್ತಿದ್ದಳು. ಬಿಡಿಸಲು ಹೋದ ಜ್ಯೋತಿಯ ತೋಳಿನ ಮೇಲೆ ಹಲ್ಲಿನ ಗುರುತುಗಳು ಬಳೆಗಿಂತ ಹೆಚ್ಚಾದವು.

ಜ್ಯೋತಿ, ಚನ್ನಬಸವ ಕೇಳುತ್ತಿದ್ದುದು ಆ ಕಿರುಚಾಟವನ್ನು ಮಾತ್ರ. ಆ ಹೊತ್ತಿಗೆ ಹೊರಗೆ ಫ್ಯಾನಿನ ಸದ್ದು, ರೊಟ್ಟಿಯ ಸದ್ದು, ಪಲ್ಯ ಕೇಳುವವರ ಸದ್ದು. ಕಿರುಚುವುದಕ್ಕೆ ಮುಂಚಿನದ್ದು ಗೊತ್ತಿದ್ದುದು ನೀಲಗಂಗವ್ವನಿಗೆ ಮಾತ್ರ.

ಅವಳು ದೇವರ ಜಗಲಿಕಟ್ಟೆಯ ಮೇಲಿನ ದೀಪಕ್ಕೆ ಬತ್ತಿ ಹೊಸೆದು ಎಣ್ಣೆ ಹಾಕುತ್ತಿರುವಾಗ ಹಿಂದಿನಿಂದ ಕೆಮ್ಮು ಬರುತ್ತಿತ್ತು. ಒಣ ಕೆಮ್ಮು. ಎರಡು ಸಲ, ನಡುವೆ ಒಂದು ಉಸಿರು. ಅದು ಮಡಿವಾಳಪ್ಪನ ಕೆಮ್ಮು. ಆಮೇಲೆ ಮಡಿವಾಳಪ್ಪನ ಒಡಕು ದನಿ:

"ಚನ್ಯಾನ ಅವ್ವಾ, ದೀಪಾ ಹಚ್ಚಿದಿ?"

ತಿರುಗಿದರೆ ವಾಣಿಶ್ರೀ. ಎರಡು ಜಡೆ, ಹೂವಿನ ಲಂಗ. ಅವಳ ಕಣ್ಣು ಅಜ್ಜಿಯ ಮೇಲಿರುತ್ತಿರಲಿಲ್ಲ. ಅಜ್ಜಿಯ ಹೆಗಲಾಚೆ, ಗೋಡೆಯ ಮೊಳೆಗೆ ಇನ್ನೂ ತೂಗುಬಿದ್ದಿದ್ದ ಮಡಿವಾಳಪ್ಪನ ಬಿಳಿ ಟೊಪಗಿಯ ಮೇಲಿರುತ್ತಿತ್ತು. ಕತ್ತು ಒಂದು ಕಡೆಗೆ ವಾಲಿಸಿ, ರೆಪ್ಪೆ ಬಡಿಯದೆ ಕಾಯುತ್ತಿದ್ದಳು.

ದೀಪ ಹಚ್ಚುವ ಹೊತ್ತಿಗೆ ಸತ್ತವರ ದನಿ ಕರೆದರೆ ಓಗೊಡಬಾರದು. ಇದು ನೀಲಗಂಗವ್ವನ ತವರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿದ್ದ ಮಾತು. ಒಮ್ಮೆ 'ಓ' ಎಂದರೆ ಕರೆದವರು ಒಳಗೆ ಬಂದ ಹಾಗೆ. ಅವಳು ತುಟಿ ಹೊಲಿದುಕೊಂಡು ನಿಲ್ಲುತ್ತಿದ್ದಳು. ಬೆನ್ನ ಮೇಲೆ ಹಾವು ಹರಿದಂತಾಗುತ್ತಿತ್ತು. ಹುಡುಗಿ ಕಾದು ಕಾದು, ಆಮೇಲೆ ಕಿರುಚುತ್ತಿದ್ದಳು.

"ಸಂಜೀ ಮುಂದ ಏನ ಆಗತೈತಿ ಅತ್ತಿ, ಅಕಿಗೆ?" ಎಂದು ಜ್ಯೋತಿ ಕೇಳಿದರೆ, "ಏನೂ ಇಲ್ಲ. ಹೊಟ್ಟಿ ಹಸದಿರತೈತಿ" ಎನ್ನುವಳು. ಚಿರತೆಗೆ ಹೊಡೆದವಳು ಹದಿಮೂರರ ಮೊಮ್ಮಗಳಿಗೆ ಹೆದರುತ್ತಾಳೆ ಎಂದು ಹೇಳುವುದಾದರೂ ಹೇಗೆ?

*

ಡಾಕ್ಟರ್ ತನುಜಾ ಎನ್ನುವವರು ಶಿರಸಿಗೆ ಹೊಸಬರು. ಮಕ್ಕಳ ಮನಸ್ಸಿನ ಡಾಕ್ಟರು. ಅವರು ವಾಣಿಶ್ರೀಯನ್ನು ನೋಡಿ, ಅವಳು ಮೇಜಿನ ಮೇಲಿನ ಗುಂಡುಸೂಜಿಗಳನ್ನೆಲ್ಲ ಸಾಲಾಗಿ ಇಡುವ ತನಕ ಬಿಟ್ಟು, ಆಮೇಲೆ ಹೇಳಿದರು.

"ಈ ವಯಸ್ಸಿನಲ್ಲಿ ಎಲ್ಲ ಮಕ್ಕಳಿಗೂ ಹಾರ್ಮೋನು ಏರುಪೇರಾಗುತ್ತೆ. ಬೇರೆ ಮಕ್ಕಳು ಅದನ್ನ ಜಗಳಾಡಿ ಹೇಳ್ತಾರೆ. ಇವಳು ಹೇಳಲಾರಳು. ಕಾರ್ಟಿಸಾಲ್ ಅಂತ ಒಂದಿದೆ. ದೇಹಕ್ಕೆ ಒತ್ತಡ ಆದಾಗ, ಹೆದರಿದಾಗ ಜಾಸ್ತಿ ಆಗುತ್ತೆ. ಸಾಮಾನ್ಯವಾಗಿ ಬೆಳಿಗ್ಗೆ ಎದ್ದಾಗ ಹೆಚ್ಚಿರುತ್ತೆ, ಸಂಜೆಗೆ ಇಳಿಯುತ್ತೆ. ಇಂಥ ಕೆಲವು ಮಕ್ಕಳಲ್ಲಿ ಸಂಜೆಗೂ ಇಳಿಯೋದಿಲ್ಲ."

"ರಕ್ತ ತಗೀಬೇಕೇನ್ರಿ?" ಎಂದ ಚನ್ನಬಸವ.

"ಬೇಡ. ಎಂಜಲು ಸಾಕು. ಈ ಹತ್ತಿಯ ತುಂಡನ್ನ ಸ್ವಲ್ಪ ಹೊತ್ತು ಅಗಿಯೋಕೆ ಕೊಡಿ, ಈ ಕೊಳವೆಗೆ ಹಾಕಿ ಮುಚ್ಚಿ. ಎದ್ದ ಕೂಡಲೇ ಒಂದು, ಸಂಜೆ ಅವಳು ಕಿರುಚುವ ಹೊತ್ತಿಗೆ ಒಂದು. ಒಂದು ವಾರ. ಫ್ರಿಜ್ಜಿನಲ್ಲಿಡಿ. ಇದೊಂದರಿಂದಲೇ ಎಲ್ಲ ತಿಳಿಯೋದಿಲ್ಲ. ಯಾವ ಹೊತ್ತು ಅವಳಿಗೆ ಕಷ್ಟ ಅಂತ ಒಂದು ಅಂದಾಜು ಸಿಗುತ್ತೆ, ಅಷ್ಟೆ."

ಮನೆಗೆ ಬಂದ ಮೇಲೆ ನಡೆದ ಜಗಳಕ್ಕೆ ಕದಂಬರ ಕಾಲದ ಯುದ್ಧವೂ ಸಮ ಅಲ್ಲ.

"ಫ್ರಿಜ್ಜಿನ್ಯಾಗ ಎಂಜಲಾ? ಲಿಂಗದ ನೈವೇದ್ಯದ ಹಾಲು ಇಡೂ ಜಾಗಾದಾಗ?"

"ಕೆಳಗಿನ ಖಾನ್ಯಾಗ ಇಡತೀನ್ರಿ ಅತ್ತಿ. ಡಬ್ಬಿಯೊಳಗ ಹಾಕಿ."

"ಡಬ್ಬಿಯೊಳಗ ಹಾಕಿದ್ರ ಎಂಜಲ ತೀರ್ಥ ಆಗತೈತೇನ?"

"ಯವ್ವಾ, ಸುಮ್ನಿರು," ಎಂದ ಚನ್ನಬಸವ, ಜೋಳದ ಚೀಲ ಇಳಿಸುತ್ತ. "ಫ್ರಿಜ್ಜಿನ ಕಂತು ಕಟ್ಟಿದಾಂವ ನಾನು. ಬೇಕಾದ್ರ ನಾನ ಅದರಾಗ ಕುಂದ್ರತೀನಿ."

ಜ್ಯೋತಿ ಹಿಟ್ಟಿಗೆ ಬಿಸಿನೀರು ಹಾಕಿ ನಾದುತ್ತಿದ್ದಳು. ಕೈ ನಿಲ್ಲಿಸದೆ, ತಲೆ ಎತ್ತದೆ ಹೇಳಿದಳು.

"ಸಂಜೀದು ಹೆಚ್ಚಿಗಿ ಬಂದ್ರ ಅಕೀನ ಹುಬ್ಬಳ್ಳಿ ಕಡೆ ವಸತಿ ಸಾಲಿಗೆ ಬಿಡೂಣು. ನಾ ವಿಚಾರಿಸೇನಿ. ಇಲ್ಲಿ ಏನೋ ಐತಿ, ಅಕಿ ಅಂಜತಾಳ. ಅಂಜೂ ಮನ್ಯಾಗ ಕೂಸಿನ್ನ ಇಟಗೊಂಡು ನಾ ರೊಟ್ಟಿ ಬಡಕೋತ ನಿಂದ್ರಲಾರೆ."

ಚನ್ನಬಸವ ಬೇಡ ಎನ್ನದೆ ಇನ್ನೊಂದು ಚೀಲ ಇಳಿಸಲು ಹೋದ. ಅಂದರೆ ಒಪ್ಪಿದ ಹಾಗೆ.

ನೀಲಗಂಗವ್ವನ ಕೈಯಲ್ಲಿದ್ದ ಬೆಳ್ಳುಳ್ಳಿ ಹಾಗೇ ಉಳಿಯಿತು. ವಾಣಿಶ್ರೀಯ ಜಡೆ ಹೆಣೆಯುವವಳು ಅವಳು, ರೊಟ್ಟಿಯ ಅಂಚು ಮುರಿದು ಮೆತ್ತಗಿನದಷ್ಟೇ ತಿನ್ನಿಸುವವಳು ಅವಳು. ಹೊತ್ತು ಮುಳುಗುವಾಗ ತಾನು ಹುಡುಗಿಗೆ ಅಂಜುವುದು ನಿಜ. ಹೊತ್ತು ಹುಟ್ಟುವಾಗ ಹುಡುಗಿ ಹಾಸಿಗೆಯಲ್ಲಿ ಇಲ್ಲದಿದ್ದರೆ ಎನ್ನುವುದು ಅದಕ್ಕಿಂತ ಸಾವಿರ ಪಾಲು ಅಂಜಿಕೆ.

ಬೆಳ್ಳುಳ್ಳಿ ಕೆಳಗಿಟ್ಟು ಅವಳು ಜೇನಿನಂಥ ದನಿಯಲ್ಲಿ ಅಂದಳು: "ಮುಂಜಾನೀದು ನೀ ತಗೋ ಯವ್ವಾ. ಸಂಜೀ ಮುಂದ ನಿನಗ ಗಿರಾಕಿ ಗದ್ದಲ. ಅದನ್ನ ನಾ ನೋಡಕೋತೀನಿ."

ಸೊಸೆ ಅತ್ತೆಯ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಆ ಬಾಯಿಂದ 'ಯವ್ವಾ' ಎಂದು ಕರೆಸಿಕೊಂಡಿದ್ದು ಅದೇ ಮೊದಲು.

ನೀಲಗಂಗವ್ವನ ಲೆಕ್ಕ ಸೀದಾ ಇತ್ತು. ಹುಡುಗಿಯ ಎಂಜಲಿನಲ್ಲಿ ಹಾರ್ಮೋನು ಹೆಚ್ಚಿದ್ದರೆ ತಾನೆ ತೊಂದರೆ? ತನಗೆ ಯಾವ ಹಾರ್ಮೋನು? ಎಪ್ಪತ್ತು ದಾಟಿದ ಮೈ. ಇದ್ದದ್ದೆಲ್ಲ ಒಲೆಯ ಉರಿಗೆ ಸುಟ್ಟು ಬೂದಿಯಾಗಿದೆ. ಇನ್ನು ಅಂಜಿಕೆ ಇರುವುದು ಎದೆಯಲ್ಲಿ. ಬಾಯಿಗೂ ಅದಕ್ಕೂ ಏನು ಸಂಬಂಧ?

ಅಂದಿನಿಂದ ಪ್ರತಿ ಸಂಜೆ ಅವಳು ಎಲೆ-ಅಡಿಕೆ ಉಗುಳಿ, ಬಾವಿಯಷ್ಟು ನೀರಿನಲ್ಲಿ ಬಾಯಿ ಮುಕ್ಕಳಿಸಿ, ಬತ್ತಿ ಹೊಸೆಯಲು ಕೂರುತ್ತಿದ್ದಳು. ಕೆಮ್ಮು ಬರುತ್ತಿತ್ತು. ದನಿ ಬರುತ್ತಿತ್ತು. ಹುಡುಗಿ ಕಾದು, ಕಿರುಚಿ, ಸುಸ್ತಾಗಿ ಗೋಡೆಗೆ ಒರಗಿದ ಮೇಲೆ, ನೀಲಗಂಗವ್ವ ನಡುಗುವ ದವಡೆಯಲ್ಲಿ ಹತ್ತಿಯನ್ನು ತಾನು ಅಗಿದು, ಕೊಳವೆಗೆ ಉಗುಳಿ, ಮುಚ್ಚಳ ಹಾಕುತ್ತಿದ್ದಳು. ಹುಡುಗಿ ಅದನ್ನು ನೋಡುತ್ತಿದ್ದಳು. ಹೇಳುವ ಮಾತು ಅವಳಲ್ಲಿರಲಿಲ್ಲ.

*

ಆ ವಾರದ ನಡುವೆಯೇ ಮಾಸ್ತಿಯ ಪ್ರಸಂಗವೂ ಆಯಿತು.

ಮಾಸ್ತಿ ಸಿದ್ದಾಪುರದ ಮನ್ಮನೆ ಕಡೆಯವನು, ಲಾರಿ ಡ್ರೈವರು. ಒಂದೇ ಊಟಕ್ಕೆ ಕುಳಿತು ಖಾನಾವಳಿಯ ರೊಟ್ಟಿ ಬುಟ್ಟಿಯ ತಳ ಕಾಣಿಸಬಲ್ಲವನು. ಅಂದು ಕರೆಂಟು ಹೋಗಿ ಫ್ಯಾನು ನಿಂತಿತ್ತು. ಖಾನಾವಳಿ ಎಂದೂ ಇಲ್ಲದಷ್ಟು ಮೌನವಾಗಿತ್ತು. ಒಳಗಿನಿಂದ ಕೆಮ್ಮು ಕೇಳಿತು. ಎರಡು ಸಲ, ನಡುವೆ ಒಂದು ಉಸಿರು. ಆಮೇಲೆ ದನಿ.

ಮಾಸ್ತಿಯ ಕೈಯಿಂದ ರೊಟ್ಟಿ ಬಿತ್ತು.

"ಚನ್ನಬಸವಣ್ಣ, ಒಳಗೆ ಯಾರು?"

"ಮಗಳು."

"ಎಂತ ಹೇಳ್ತೀರಿ ಮಾರಾಯ್ರೇ. ಈ ದನಿಯ ಹತ್ರ ಇಪ್ಪತ್ತು ವರ್ಷ ಬೈಸಿಕೊಂಡವ ನಾನು. ಅವರನ್ನ ಮಣ್ಣು ಮಾಡೋ ದಿನ ಮಣ್ಣಿನ ಬುಟ್ಟಿ ಹೊತ್ತವ ನಾನು."

"ಅಕಿ ಕೇಳಿದ್ದನ್ನ ಒಪ್ಪಸ್ತಾಳೋ. ಸಣ್ಣಾಕಿದ್ದಾಗ ಕೇಳಿದ್ದು," ಎಂದ ಚನ್ನಬಸವ. ಆದರೆ ಅವನು ಎಣಿಸುತ್ತಿದ್ದ ಚಿಲ್ಲರೆ ಗಲ್ಲೆಯೊಳಗೆ ಜಾರಿತು. ಅಪ್ಪನ ದನಿಯನ್ನು ಅವನೂ ನಾಲ್ಕು ವರ್ಷದಿಂದ ಕೇಳಿರಲಿಲ್ಲ. ಅವನಿಗೆ ಅರಿವಿಲ್ಲದೆ ಅವನು ಎದ್ದು ನಿಂತಿದ್ದ, ಅಪ್ಪ ಬಂದಾಗ ಗಲ್ಲೆ ಬಿಟ್ಟು ಏಳುವ ಹಾಗೆ.

ಮಾಸ್ತಿ ಕೈ ತೊಳೆದು ಹೋದವನು ವಾರಗಟ್ಟಲೆ ಬರಲಿಲ್ಲ. ಮಂಚಿಕೇರಿಯಿಂದ ಹಿಡಿದು ಸಿದ್ದಾಪುರದವರೆಗೆ ಡ್ರೈವರುಗಳು ಸಂಜೆಯ ಊಟಕ್ಕೆ ಬೇರೆ ಖಾನಾವಳಿ ಹುಡುಕಿಕೊಂಡರು.

"ನೀವು ದಿನಾ ಕೇಳತಿದ್ರೇನ್ರಿ ಅತ್ತಿ, ಇದನ್ನ?" ಎಂದು ಜ್ಯೋತಿ ಕೇಳಿದಳು.

"ಕೇಳತಿದ್ದೆ. ಅದಕ್ಕೇನ? ಯಮ ಬಂದ್ರೂ ತಾಟ ಹಾಕಿ ಉಣ್ಣಸೂವಾಕಿ ನಾನು," ಎಂದಳು ನೀಲಗಂಗವ್ವ. ಹಾಗೆನ್ನುವಾಗ ಅವಳು ಟೊಪಗಿ ಇದ್ದ ಗೋಡೆಯ ಕಡೆಗೆ ಬೆನ್ನು ಮಾಡಿರಲಿಲ್ಲ.

*

ವರದಿಯ ದಿನ ಎಲ್ಲರೂ ಹೋದರು. ಡಾಕ್ಟರ್ ತನುಜಾ ಕನ್ನಡಕ ತೆಗೆದಿಟ್ಟರು.

"ಬೆಳಗಿನದು ಸರಿಯಾಗಿದೆ. ಸಂಜೆಯದು ತಲೆಕೆಳಗಾಗಿದೆ. ಬೆಳಿಗ್ಗೆಗಿಂತ ಎಷ್ಟೋ ಹೆಚ್ಚು. ಹುಲಿ ಎದುರಿಗೆ ನಿಂತವರ ಮೈಯ ಹಾಗಿದೆ, ದಿನಾ. ಇನ್ನೊಂದು ಮಾತು. ಒಂದು ಕೊಳವೆಯ ಹತ್ತಿ ಕೆಂಪಗಿತ್ತು ಅಂತ ಲ್ಯಾಬಿನವರು ಅದನ್ನ ಪರೀಕ್ಷೆ ಮಾಡದೆ ಬಿಟ್ಟಿದ್ದಾರೆ. ಬಾಯೊಳಗೆ ರಕ್ತ ಬರೋ ಹಾಗೆ ಕಚ್ಕೊಳ್ತಾಳಾ?"

ಜ್ಯೋತಿ ಸೆರಗನ್ನು ಬಾಯಿಗೊತ್ತಿಕೊಂಡಳು. "ನೋಡ್ರಿ, ನಾ ಹೇಳಿದ್ದಿಲ್ಲೇನು? ಕೂಸು ಒಳಗೊಳಗ ರಕ್ತಾ ನುಂಗಾಕತ್ತೈತಿ. ಸಾಲ್ಯಾವರಿಗೆ ಫೋನ್ ಹಚ್ಚ್ರಿ. ಇವತ್ತ ಹಚ್ಚ್ರಿ."

ಚನ್ನಬಸವ ಫೋನು ತೆಗೆದ. ಅವನ ಹೆಬ್ಬೆರಳು ನಂಬರು ಹುಡುಕುತ್ತಿತ್ತು. ವಾಣಿಶ್ರೀ ಗುಂಡುಸೂಜಿ ಸಾಲು ಮಾಡುತ್ತಿದ್ದಳು.

ನೀಲಗಂಗವ್ವ ಆ ಹೆಬ್ಬೆರಳನ್ನೇ ನೋಡಿದಳು. ಸುಮ್ಮನಿದ್ದರೆ ಚಿರತೆ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು. ಹುಡುಗಿ ಉಳಿಯುತ್ತಿರಲಿಲ್ಲ.

"ಫೋನ್ ಕೆಳಗಿಡು, ಚನ್ಯಾ."

"ಯವ್ವಾ, ನೀ ನಡಕ ಬಾಯಿ ಹಾಕಬ್ಯಾಡ."

"ಬಾಯಿ ಹಾಕಿದ್ದ ತಪ್ಪಾಗೇತಿ. ಸಂಜೀ ಎಂಜಲ ಅಕೀದಲ್ಲ, ನಂದು. ಆ ಕೆಂಪು ರಕ್ತಲ್ಲ, ಎಲಿ-ಅಡಕಿ. ಅವತ್ತ ನೀರ ಬಂದಿದ್ದಿಲ್ಲ, ಬಾಯಿ ಸರಿ ಮುಕ್ಕಳಿಸಲಿಲ್ಲ."

ವಾಣಿಶ್ರೀ ಸಾಲಿಗೆ ಇನ್ನೊಂದು ಗುಂಡುಸೂಜಿ ಇಟ್ಟಳು.

"ಅಂದ್ರ ಈ ಅಂಜಿಕಿ..." ಎಂದಳು ಜ್ಯೋತಿ.

"ನಂದ. ಅವರ ದನೀಲೆ ಅಕಿ ಕರೀತಾಳಲ್ಲ, ಆವಾಗ ಜೀವಾ ಬಾಯಿಗೆ ಬರತೈತಿ. ಆ ಬಾಯಾಗಿಂದ ತಗದು ಕೊಟ್ಟೇನಿ. ಇನ್ನೊಂದು ಹೇಳಿಬಿಡತೀನಿ, ಹೆಂಗಿದ್ರೂ ಮಾನ ಹೋಗೇತಿ. ಅದು ಚಿರತಿ ಅಲ್ಲ. ಹೊಡದಾಕೀನೂ ಅಲ್ಲ ನಾ, ಓಡಿ ಹ್ವಾದಾಕಿ."

ಚನ್ನಬಸವ ಫೋನನ್ನು ಮೇಜಿನ ಮೇಲಿಟ್ಟು ಅವ್ವನ ಮುಖ ನೋಡಿದ. ಹುಟ್ಟಿದಾಗಿನಿಂದ ಆ ಚಿರತೆಯ ಕತೆ ಕೇಳಿಯೇ ಅನ್ನ ಉಂಡವನು ಅವನು.

ಡಾಕ್ಟರಿಗೆ ನಗೆ ಬಂದರೂ ತಡೆದುಕೊಂಡರು. "ಅಜ್ಜಿ, ಅವಳು ಕರೆದು ಏನು ಮಾಡ್ತಾಳೆ?"

"ಕಾಯತಾಳ್ರಿ."

"ಯಾವುದಕ್ಕೆ?"

ಅದನ್ನು ನೀಲಗಂಗವ್ವ ತನ್ನನ್ನು ತಾನು ಕೇಳಿಕೊಂಡಿರಲೇ ಇಲ್ಲ.

"ಮತ್ತೆ ಒಂದು ವಾರ ತಗೊಳ್ಳಿ," ಎಂದರು ಡಾಕ್ಟರು. "ಈ ಸಲ ಅವಳದ್ದೇ. ಕರೆಯೋಕೆ ಮುಂಚೆ ಒಂದು, ಕಿರುಚಿ ಸ್ವಲ್ಪ ಹೊತ್ತಾದ ಮೇಲೆ ಒಂದು. ಅಜ್ಜಿ ದಿನದ ಹಾಗೆ ಅಲ್ಲೇ ಇರಲಿ. ಕೊಳವೆ ತಾಯಿಯ ಕೈಯಲ್ಲಿರಲಿ."

ಆ ವಾರ ಚನ್ನಬಸವ ರೊಟ್ಟಿ ಬಡಿದ. ಅವು ರೊಟ್ಟಿಯೋ ಭೂಪಟವೋ ಎಂದು ಗಿರಾಕಿಗಳಲ್ಲಿ ಎರಡು ಪಂಗಡವಾಯಿತು. ಜ್ಯೋತಿ ಒಳಗೆ ಕುಳಿತು ಮಗಳನ್ನು ನೋಡಿದಳು, ಬಹುಶಃ ಬಹಳ ದಿನಗಳ ಮೇಲೆ ಪೂರಾ ನೋಡಿದಳು. ಕೆಮ್ಮುವ ಮುಂಚೆ ಹುಡುಗಿಯ ಮುಖ ಕೆರೆಯ ನೀರಿನ ಹಾಗಿತ್ತು. ಕೇಳುವಾಗಲೂ ಹಾಗೇ ಇತ್ತು. ಕಾಯುತ್ತ ಕಾಯುತ್ತ ಅದು ಕದಡುತ್ತಿತ್ತು.

ವರದಿಯೂ ಅದನ್ನೇ ಹೇಳಿತು. ಮೊದಲಿನದು ತಣ್ಣಗೆ, ಆಮೇಲಿನದು ಏರಿದ್ದು.

"ಅಂಜಿಕಿ ಅಲ್ಲ ಇದು, ಅತ್ತಿ," ಎಂದಳು ಜ್ಯೋತಿ, ಮನೆಗೆ ಬರುವ ಆಟೋದಲ್ಲಿ. "ಮಾಂವ ಹಂಗ ಕೇಳಿದಾಗ ನೀವು ಏನ ಅಂತಿದ್ರಿ?"

"ಹಚ್ಚೇನ್ರಿ, ಅಂತಿದ್ದೆ."

"ಈಗ್ಯಾಕ ಅನ್ನೂದಿಲ್ಲ?"

"ಸತ್ತವರಿಗೆ ಓಗೊಡಬಾರದವ್ವಾ."

"ಸತ್ತವರು ಕೇಳಾಕತ್ತಿಲ್ಲ. ನಿಮ್ಮ ಮೊಮ್ಮಗಳು ಕೇಳಾಕತ್ತಾಳ." ಜ್ಯೋತಿ ತೋಳಿನ ಗುರುತು ಸವರಿಕೊಂಡಳು. "ನೀವು ಅನ್ನದಿದ್ರ ನಾ ಮತ್ತ ಸಾಲಿಗೆ ಫೋನ್ ಹಚ್ಚಬೇಕಾಗತೈತಿ. ನನ್ನ ಕೈಲೆ ಇನ್ನ ಆಗೂದಿಲ್ಲ."

*

ಆ ಸಂಜೆ ನೀಲಗಂಗವ್ವ ಬತ್ತಿಯನ್ನು ಬೇಕೆಂದೇ ನಿಧಾನ ಹೊಸೆದಳು. ಜ್ಯೋತಿ ಬಾಗಿಲಲ್ಲಿ ನಿಂತಿದ್ದಳು. ಎಣ್ಣೆ ಹಾಕಿ ಕಡ್ಡಿ ಗೀರಿದ ಮೇಲೆ ಹಿಂದಿನಿಂದ ಕೆಮ್ಮು ಬಂತು.

"ಚನ್ಯಾನ ಅವ್ವಾ, ದೀಪಾ ಹಚ್ಚಿದಿ?"

ಗೋಡೆಯ ಮೇಲಿನ ಟೊಪಗಿಯ ನೆರಳು ದೀಪದ ಜೊತೆ ಅಲ್ಲಾಡುತ್ತಿತ್ತು. ನೀಲಗಂಗವ್ವ ಉರಿದ ಕಡ್ಡಿಯನ್ನು ಕೆಳಗಿಟ್ಟಳು. ಹುಡುಗಿಯ ಮುಂಗೈ ಮೆಲ್ಲಗೆ ಬಾಯಿಯ ಕಡೆಗೆ ಏಳತೊಡಗಿತು.

"ಹಚ್ಚೇನ್ರಿ," ಎಂದಳು ನೀಲಗಂಗವ್ವ.

ಏಳುತ್ತಿದ್ದ ಕೈ ನಿಂತಿತು. ಕೆಳಗಿಳಿಯಿತು.

"ಹಂಗಾರ ರೊಟ್ಟಿ ಕೊಡು," ಎಂದಿತು ಮಡಿವಾಳಪ್ಪನ ದನಿ.

ಅದು ಅವನು ದಿನಾ ಹೇಳುತ್ತಿದ್ದ ಎರಡನೆಯ ಮಾತು. ಅವಳು ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ಹುಡುಗಿ ಚಕ್ಕಳ ಮಕ್ಕಳ ಹಾಕಿ ಕುಳಿತು ಉಂಡಳು. ಬಾಗಿಲಲ್ಲಿ ಜ್ಯೋತಿ ಕಣ್ಣೊರೆಸಿಕೊಂಡು ಒಲೆಯ ಕಡೆಗೆ ಹೋದಳು.

ಶಿರಸಿಯ ಇತಿಹಾಸದಲ್ಲೇ ಅಂಥ ತಂಪಾದ ದಸರೆ ಬಂದಿರಲಿಲ್ಲ. ಕಿರುಚಾಟ ನಿಂತಿತು. ಹುಡುಗಿಯ ಮುಂಗೈ ಮಾಯಿತು. ಜ್ಯೋತಿ ಫೋನಿನಿಂದ ವಸತಿ ಶಾಲೆಯ ನಂಬರು ಅಳಿಸಿದಳು. ಮಾಸ್ತಿಯೂ ಮರಳಿ ಬಂದ, ಗೋಡೆಗೆ ಬೆನ್ನು ಕೊಟ್ಟು ಕುಳಿತು ರೊಟ್ಟಿ ಬುಟ್ಟಿ ಬರಿದು ಮಾಡಿದ. ನೀಲಗಂಗವ್ವ ದಿನಾ ಸಂಜೆ 'ಹಚ್ಚೇನ್ರಿ' ಎನ್ನುವಳು, ರೊಟ್ಟಿ ಕೊಡುವಳು. ಅಂಜಿಕೆ ಪೂರಾ ಹೋಗಿರಲಿಲ್ಲ. ಬೆನ್ನ ಮೇಲೆ ಹರಿಯುತ್ತಿದ್ದ ಹಾವು ಈಗ ಮಡಿಲಲ್ಲಿ ಸುರುಳಿ ಸುತ್ತಿ ಮಲಗಿತ್ತು, ಅಷ್ಟೆ.

ಬನ್ನಿ ಹಬ್ಬದ ಮಾರನೆಯ ಸಂಜೆ. ಹೊರಗೆ ಗಿರಾಕಿಗಳ ಗದ್ದಲ, ಒಳಗೆ ಅವರಿಬ್ಬರೇ. ಕೆಮ್ಮು, ಕೇಳಿದ್ದು, ಓಗೊಟ್ಟದ್ದು, ರೊಟ್ಟಿ ಕೊಟ್ಟದ್ದು ಎಲ್ಲ ಮುಗಿದಿತ್ತು. ಹಿತ್ತಲ ಕಡೆಯ ಹೆಂಚಿನ ಮೇಲಿನಿಂದ ಏನೋ ಧೊಪ್ಪೆಂದು ಜಿಗಿಯಿತು. ನೀಲಗಂಗವ್ವನ ಕೈಯಿಂದ ಎಣ್ಣೆಯ ಗಿಂಡಿ ಜಾರಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ತಾಗಿದಳು, ಟೊಪಗಿಯ ಕೆಳಗೇ.

ವಾಣಿಶ್ರೀ ತುತ್ತು ನಿಲ್ಲಿಸಿ ತಲೆ ಎತ್ತಿದಳು. ಕೆಮ್ಮಲಿಲ್ಲ. ಈ ಸಲದ ದನಿ ಒಡಕಿನದಲ್ಲ. ಅದು ಇಪ್ಪತ್ತೆರಡು ಇಪ್ಪತ್ಮೂರರ ಹುಡುಗನ ದನಿ, ಚಿರತೆ ಬಂದಿತೆನ್ನುವ ಆ ರಾತ್ರಿ ಕತ್ತಲ ಹಿತ್ತಲಲ್ಲಿ ನಗೆ ತಡೆದುಕೊಂಡು ಮೆತ್ತಗೆ ಆಡಿದ್ದು. ಆ ದನಿಯನ್ನು ಕೇಳಿದ ಕಿವಿ ಈ ಭೂಮಿಯ ಮೇಲೆ ಒಂದೇ ಜೊತೆ ಉಳಿದಿತ್ತು.

"ನೀಲಾ, ಅಂಜಬ್ಯಾಡ. ಬೆಕ್ಕ ಅದು."

ಹುಡುಗಿ ಮತ್ತೆ ತಲೆ ತಗ್ಗಿಸಿ ರೊಟ್ಟಿಯ ಮೆತ್ತಗಿನ ಭಾಗ ಮುರಿದಳು.

ಹೊರಗಿನಿಂದ ಜ್ಯೋತಿ ಕೂಗಿದಳು: "ಅತ್ತಿ, ಏನೋ ಬಿದ್ದ ಸಪ್ಪಳಾತಲ್ಲ, ಏನದು?"

ಕಾಗೆ ಕೂತರೆ ಗರುಡ ಬಂತೆಂದು ಶಿರಸಿಗೆಲ್ಲ ಸಾರುವ ನೀಲಗಂಗವ್ವ ಗೋಡೆಗೆ ಒರಗಿದಲ್ಲೇ ನಿಂತಿದ್ದಳು. ಎಣ್ಣೆ ಅವಳ ಪಾದದವರೆಗೆ ಹರಿದು ಬಂದಿತ್ತು.

"ಏನಿಲ್ಲವ್ವಾ," ಎಂದಳು. "ಬೆಕ್ಕ."

ಆಮೇಲೆ ಇನ್ನೊಂದು ತಾಟು ತಂದು ಹುಡುಗಿಯ ಎದುರಿಗೆ, ಟೊಪಗಿಯ ಕೆಳಗೆ ಇಟ್ಟು, ಅದರಲ್ಲಿ ಒಂದು ಬಿಸಿ ರೊಟ್ಟಿ ಹಾಕಿದಳು.